ಸಾಲವೇನೋ ಸಿಕ್ಕಿತು, ಜಾಗ?

ನಮ್ಮ ಬೀದಿ ತಿರುವಿನಲ್ಲಿ ತರಕಾರಿ ಮಾರುವ ಅಜ್ಜಿ ಟಾರ್ಪಾಲಿನ ನಾಲ್ಕು ಮೂಲೆಗೂ ಹಗ್ಗ ಕಟ್ಟಿಟ್ಟುಕೊಂಡಿದ್ದಾರೆ. ಬೀದಿ ವ್ಯಾಪಾರಿಗಳನ್ನು ಎಬ್ಬಿಸುವ ಪಾಲಿಕೆಯ ‘ಲಾರಿ ಬಂತು’ ಅಂತ ಯಾರಾದರೂ ಕೂಗಿದರೆ ನಾಲ್ಕನ್ನೂ ಒಟ್ಟಿಗೆ ಎಳೆಯುತ್ತಾರೆ. ಟೊಮೆಟೊ, ಬೀನ್ಸು, ಹಸಿಮೆಣಸಿನಕಾಯಿ ಎಲ್ಲ ಒಂದೇ ಗಂಟು. ತಕ್ಕಡಿ ಮಾತ್ರ ಸೆರಗಿನಡಿ. ಅದು ಹೋದರೆ ಮರುದಿನದ ವ್ಯಾಪಾರವೂ ಹೋಯಿತು. ಎತ್ತಂಗಡಿ ಅಂದರೆ ಏನು ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೆಂಗಳೂರು ಶುರುವಾದದ್ದೇ ವ್ಯಾಪಾರಕ್ಕೆ ಜಾಗ ಕೊಟ್ಟು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನೊಳಗೆ ಬೆಳೆದ ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆಗಳ ಹೆಸರೇ ಅದನ್ನು ಹೇಳುತ್ತವೆ. 1928ರ ಹೊತ್ತಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಎದ್ದಿತು. ಆಮೇಲೆ ಬಂದ ಬಡಾವಣೆಗಳ ನಕ್ಷೆಯಲ್ಲಿ ಸೈಟು, ಪಾರ್ಕು, ಶಾಪಿಂಗ್ ಕಾಂಪ್ಲೆಕ್ಸಿಗೆ ಜಾಗವಿತ್ತು, ತಳ್ಳುಗಾಡಿಗೆ ಇರಲಿಲ್ಲ. ಕಾಂಪ್ಲೆಕ್ಸಿನ ಅಡ್ವಾನ್ಸ್ ಕಟ್ಟಲಾಗದವರು ಅದರ ಮುಂದಿನ ಫುಟ್‌ಪಾತಿನಲ್ಲೇ ಕೂತರು.

ಬೀದಿ ವ್ಯಾಪಾರವೂ ಮೂಲಭೂತ ಹಕ್ಕಿನೊಳಗೆ ಬರುತ್ತದೆ, ಆದರೆ ಅದಕ್ಕೆ ನಿರ್ಬಂಧ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಕಾನೂನು ಬರಲು ಮತ್ತೆ 25 ವರ್ಷ ಹಿಡಿಯಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದಿದರೆ ಬೆರಗಾಗುತ್ತದೆ, ಅಷ್ಟು ಬಿಡಿಸಿ ಬರೆದಿದ್ದಾರೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಲೇಬೇಕಾದರೆ 30 ದಿನದ ನೋಟಿಸ್. ಕೆಡುವ ಸರಕನ್ನು ಜಪ್ತಿ ಮಾಡಿದರೆ ಮಾಲೀಕರು ಕೇಳಿದ ದಿನವೇ ಹಿಂದಿರುಗಿಸಬೇಕು. ಜಾಗ ಗುರುತಿಸುವಲ್ಲಿ ಪಟ್ಟಣ ವ್ಯಾಪಾರ ಸಮಿತಿಯ ಮಾತು ನಡೆಯಬೇಕು, ಅದರಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು. ಲಾರಿಯವರಿಗೆ ಈ ಪುಸ್ತಕ ಯಾರೂ ಓದಿ ಹೇಳಿದಂತಿಲ್ಲ.

ಸಾಲದ ವಿಷಯದಲ್ಲಿ ಮಾತ್ರ ಸರ್ಕಾರಗಳು ಚುರುಕು. ಬೆಳಿಗ್ಗೆ 900 ಕೊಟ್ಟು ಸಂಜೆ 1,000 ವಸೂಲಿ ಮಾಡುವ ಮೀಟರ್ ಬಡ್ಡಿಯಿಂದ ಬಿಡಿಸಲು ರಾಜ್ಯ 2018ರಲ್ಲಿ ‘ಬಡವರ ಬಂಧು’ ತಂದಿತು: ಸಹಕಾರಿ ಬ್ಯಾಂಕುಗಳ ಮೂಲಕ 10,000 ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ. ಕೋವಿಡ್ ವರ್ಷ, 2020ರಲ್ಲಿ, ಕೇಂದ್ರದ ಪಿಎಂ ಸ್ವನಿಧಿ ಬಂತು. ಮೊದಲು 10,000, ತೀರಿಸಿದರೆ 20,000, ಆಮೇಲೆ 50,000. 2025ರಲ್ಲಿ ಮೊದಲೆರಡು ಸಾಲಗಳು 15,000 ಮತ್ತು 25,000ಕ್ಕೆ ಏರಿದವು. ಒಳ್ಳೆಯದೇ. ಆದರೆ ಸಾಲದ ದುಡ್ಡಲ್ಲಿ ತಂದ ಮಾಲು ಲಾರಿ ಹತ್ತಿಬಿಟ್ಟರೆ, ಕಂತು ಕಟ್ಟುವುದು ಯಾವುದರಿಂದ?

ಸಾಲ ಕೊಡಲು ಬ್ಯಾಂಕಿದೆ. ಜಾಗ ಕೊಡುವುದು ನಗರಾಡಳಿತದ ಕೈಯಲ್ಲೇ ಇರುವ ಕೆಲಸ. ಫುಟ್‌ಪಾತಿನಲ್ಲಿ ನಡೆಯುವವರಿಗೆ ಇಷ್ಟು, ಗಾಡಿಗೆ ಇಷ್ಟು ಎಂದು ಗೆರೆ ಎಳೆದು, ರಾತ್ರಿ ಗಾಡಿ ನಿಲ್ಲಿಸಲು ಒಂದು ಮೂಲೆ, ಹೆಂಗಸರಿಗೆ ಹತ್ತಿರದಲ್ಲೊಂದು ಶೌಚಾಲಯ ಕೊಟ್ಟರೆ ಅರ್ಧ ಜಗಳ ತೀರುತ್ತದೆ. ಫುಟ್‌ಪಾತಿಲ್ಲದೆ ರಸ್ತೆಗಿಳಿಯುವ ಪಾದಚಾರಿಗಳ ಸಿಟ್ಟೂ ಸುಳ್ಳಲ್ಲ. ಗೆರೆ ಬೇಕಿರುವುದು ಅವರಿಗೂ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾದವು. ಅಜ್ಜಿ ಬೀದಿ ವ್ಯಾಪಾರಿಯ ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಕ್ಕಡಿ ಜೊತೆಗೇ ಇಟ್ಟುಕೊಳ್ಳುತ್ತಾರೆ. ಮೊನ್ನೆ ತೋರಿಸಿ, ‘ಇದು ಈಗ್ಲೂ ನಡೀತದಾ ಮಗ?’ ಅಂದರು. ಚೀಟಿಯ ಮೇಲಿದ್ದದ್ದು ಹಳೆಯ ಪಾಲಿಕೆಯ ಹೆಸರು.