ಗಟ್ಟಿ ಹಾಲು ಹಾಕಿದರೂ ಮನೆಯ ಕಾಫಿ ನೀರು ನೀರಾಗುವುದು ಯಾಕೆ?

ಪ್ರಶ್ನೆ: ಒಳ್ಳೆ ಹಾಲನ್ನೇ ತರುತ್ತೇವೆ, ಚೆನ್ನಾಗಿ ಕಾಯಿಸುತ್ತೇವೆ. ಆದರೂ ಮನೆಯ ಫಿಲ್ಟರ್ ಕಾಫಿ ಹೋಟೆಲಿನ ಹಾಗೆ ಗಟ್ಟಿಯಾಗಿ ಬರುವುದಿಲ್ಲ. ಏನು ಮಾಡಬೇಕು?

ಉತ್ತರ: ಹಾಲಿನ ಮೇಲೆ ಅನುಮಾನ ಬೇಡ. ಮೊದಲು ಡಿಕಾಕ್ಷನ್ ನೋಡಿ.

150 ಮಿ.ಲೀ. ಹಿಡಿಯುವ ಒಂದು ಲೋಟ ತಗೊಳ್ಳಿ. ಡಿಕಾಕ್ಷನ್ ಗಟ್ಟಿಯಾಗಿದ್ದರೆ 40 ಮಿ.ಲೀ. ಸಾಕು, ಮಿಕ್ಕ 110 ಹಾಲೇ. ಡಿಕಾಕ್ಷನ್ ತೆಳುವಾಗಿದ್ದರೆ ಬಣ್ಣ ಬರಲಿ, ರುಚಿ ಬರಲಿ ಅಂತ ಸುರಿಯುತ್ತಾ ಸುರಿಯುತ್ತಾ 75 ಮಿ.ಲೀ.ಗೆ ಹೋಗುತ್ತದೆ. ಡಿಕಾಕ್ಷನ್‌ನಲ್ಲಿ ಬಹುಪಾಲು ನೀರೇ ಅಲ್ವಾ? ಅಲ್ಲಿಗೆ ನಿಮ್ಮ ಲೋಟದ ಅರ್ಧ ನೀರಾಯಿತು. 6% ಕೊಬ್ಬಿನ ಹಾಲು ತಂದಿದ್ದರೂ ಕುಡಿಯುವಾಗ ಅದು 3%ಕ್ಕೆ ಇಳಿದಿರುತ್ತದೆ. ಜಾಸ್ತಿ ದುಡ್ಡು ಕೊಟ್ಟು ತಂದ ಹಾಲು ಸುಮ್ನೆ ವ್ಯರ್ಥ.

ಹಾಗಾಗಿ ಪುಡಿಯಲ್ಲಿ ಕೈ ಹಿಡಿಯಬೇಡಿ. ಮೂರು ಲೋಟ ಕಾಫಿಗೆ ಸುಮಾರು 30 ಗ್ರಾಂ ಪುಡಿ, 180 ಮಿ.ಲೀ. ನೀರು ಬೇಕು. ನೀರಿನ ಒಂದು ಪಾಲನ್ನು ಪುಡಿಯೇ ಹೀರಿಕೊಳ್ಳುತ್ತದೆ, ಕೆಳಗೆ ಇಳಿಯುವುದು 120 ಮಿ.ಲೀ. ಆಸುಪಾಸು. ಫಿಲ್ಟರಿನ ಮೇಲಿನ ಪಾತ್ರೆ ಒಣಗಿರಲಿ, ಒದ್ದೆಯಿದ್ದರೆ ಪುಡಿ ತೂತಿಗೆ ಮೆತ್ತಿಕೊಳ್ಳುತ್ತದೆ. ಪುಡಿ ಹಾಕಿ, ಸಮ ಮಾಡಿ, ಒತ್ತುವ ಬಿಲ್ಲೆಯಿಂದ ಹಗುರವಾಗಿ ಅದುಮಿ, ಬಿಲ್ಲೆಯನ್ನು ಅಲ್ಲೇ ಬಿಡಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ, ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟೇ ಹಾಕಿ. ಪುಡಿ ಉಬ್ಬಿ, ಘಮ ಏಳುತ್ತದೆ. ಆಮೇಲೆ ಉಳಿದ ನೀರನ್ನು ನಿಧಾನಕ್ಕೆ ಸುತ್ತಲೂ ಸುರಿದು ಮುಚ್ಚಿಡಿ.

ಹದಿನೈದು ಇಪ್ಪತ್ತು ನಿಮಿಷದಲ್ಲಿ ತೊಟ್ಟು ತೊಟ್ಟಾಗಿ ಇಳಿದರೆ ಸರಿಯಾಗಿದೆ ಅಂತ ತಿಳಿಯಿರಿ. ಐದೇ ನಿಮಿಷಕ್ಕೆ ಎಲ್ಲಾ ಇಳಿದುಬಿಟ್ಟರೆ ಪುಡಿ ತರಿಯಾಯಿತು, ಇಲ್ಲವೇ ಅದುಮಿದ್ದು ಸಾಲಲಿಲ್ಲ. ಗಂಟೆಯಾದರೂ ಇಳಿಯದಿದ್ದರೆ ಪುಡಿ ತೀರಾ ನುಣ್ಣಗಿದೆ, ಅಥವಾ ತೂತು ಕಟ್ಟಿದೆ. ಸ್ಟೀಲ್ ಫಿಲ್ಟರಾದರೆ ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು, ತಳವನ್ನು ಗ್ಯಾಸ್ ಉರಿಗೆ ಸ್ವಲ್ಪ ಹೊತ್ತು ತೋರಿಸಿ. ಸಿಕ್ಕಿಕೊಂಡ ಪುಡಿ ಸುಟ್ಟುಹೋಗುತ್ತದೆ. ಆರಿದ ಮೇಲೆ ತೊಳೆದರೆ ಆಯಿತು.

ಚಿಕೋರಿ ವಿಷಯ ಹೇಳಲೇಬೇಕು. ಅದು ಡಿಕಾಕ್ಷನ್‌ಗೆ ಕಪ್ಪು ಬಣ್ಣ, ಒಂದಿಷ್ಟು ಮಂದ ಕೊಡುತ್ತದೆ. ಆದರೆ ಅದು ಹುರಿದು ಪುಡಿ ಮಾಡಿದ ಬೇರು, ಅದರಲ್ಲಿ ಕೆಫೀನ್ ಇಲ್ಲ, ಕಾಫಿಯ ಘಮವೂ ಇಲ್ಲ. ಮಿಶ್ರಣದ ಪುಡಿಯಲ್ಲಿ ಕಾಫಿ ಕನಿಷ್ಠ 51% ಇರಬೇಕು ಅನ್ನುತ್ತದೆ ನಮ್ಮ ಆಹಾರ ನಿಯಮ. ಅಂದರೆ ಹತ್ತಿರ ಹತ್ತಿರ ಅರ್ಧ ಚಿಕೋರಿಯೇ ಇದ್ದರೂ ಮಾರಬಹುದು. ಪ್ಯಾಕೆಟ್ ಮೇಲೆ ಪ್ರಮಾಣ ಬರೆದಿರುತ್ತದೆ, ಓದಿ ತಗೊಳ್ಳಿ. ಹಾಲು ಹಾಕಿ ಕುಡಿಯುವವರಿಗೆ 80:20 ಚೆನ್ನಾಗಿ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ ಹತ್ತಿರದಲ್ಲಿದ್ದರೆ ಕಾಲು ಕೆಜಿಗಿಂತ ಜಾಸ್ತಿ ಒಮ್ಮೆಗೆ ತರಬೇಡಿ. ಪುಡಿಯಾದ ಮೇಲೆ ಘಮ ಬೇಗ ಹಾರಿಹೋಗುತ್ತದೆ.

ಇನ್ನು ಹಾಲು. ನೀರು ಬೆರೆಸದ ಹಾಲು, ಆಗಷ್ಟೇ ಉಕ್ಕಿ ಬಂದದ್ದು. ಬೆಳಗ್ಗೆಯಿಂದ ನಾಲ್ಕು ಸಲ ಕಾಯಿಸಿದ ಹಾಲಿಗೆ ಕೆನೆ ಕಟ್ಟಿ, ಕಾಯಿಸಿದ ವಾಸನೆ ಬಂದಿರುತ್ತದೆ. ಅದು ಕಾಫಿಯ ಘಮವನ್ನು ಮುಚ್ಚಿಬಿಡುತ್ತದೆ. ಲೋಟಕ್ಕೆ ಸಕ್ಕರೆ, ಡಿಕಾಕ್ಷನ್ ಹಾಕಿ, ಮೇಲೆ ಬಿಸಿ ಹಾಲು ಸುರಿದು, ಎತ್ತರದಿಂದ ಎರಡು ಸಲ ಎತ್ತಿ ಹುಯ್ಯಿರಿ. ನೊರೆ ತಾನಾಗಿ ಬರುತ್ತದೆ.

ಡಿಕಾಕ್ಷನ್ ಆರಿದೆ ಅಂತ ಒಲೆಯ ಮೇಲಿಟ್ಟು ಕುದಿಸಬೇಡಿ, ಕಹಿಯಾಗುತ್ತದೆ. ಬಿಸಿ ನೀರಿನ ಪಾತ್ರೆಯೊಳಗೆ ಐದು ನಿಮಿಷ ಇಟ್ಟರೆ ಸಾಕು. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸಿದ ಎರಡನೇ ಡಿಕಾಕ್ಷನ್ ಇದೆಯಲ್ಲ, ಅದನ್ನು ಮೊದಲನೆಯದಕ್ಕೆ ಬೆರೆಸಬೇಡಿ. ಬೆರೆಸಿದರೆ ಮತ್ತೆ ಅದೇ ಅರ್ಧ ಲೋಟ ನೀರಿನ ಕಥೆ. ಬೇಕಿದ್ದರೆ ಸಂಜೆ ಹೊತ್ತು ಲೈಟ್ ಕಾಫಿ ಕೇಳುವವರಿಗೆ ಬೇರೆಯಾಗಿ ಎತ್ತಿಡಿ.