ತೆಗೆದ ನೈಟ್ರೇಟ್ ಎಲ್ಲಿಗೆ ಹೋಗುತ್ತದೆ?

ಅರಸೀಕೆರೆ, ಕಡೂರು ಕಡೆ ಕೊಳವೆಬಾವಿಯ ಲ್ಯಾಬ್ ವರದಿ ಬಂದರೆ ಕಣ್ಣು ಮೊದಲು ಹೋಗುವುದು ಫ್ಲೋರೈಡ್ ಕಾಲಂಗೆ. ಫ್ಲೋರೈಡು ಹಲ್ಲಿನ ಮೇಲೆ ಕಲೆಯಾಗಿ ಕೂರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ತಿಪ್ಪೆ, ಗೊಬ್ಬರದ ಸಾರಜನಕದಿಂದ ಆಗುವ ನೈಟ್ರೇಟ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೇಳುವವರೂ ಕಡಿಮೆ.

ಕುಡಿಯುವ ನೀರಿಗೆ ನಮ್ಮ ದೇಶದ ಐಎಸ್ 10500 ಮಾನಕದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ನೀರಿಲ್ಲ ಎಂದರೂ ಇದರಲ್ಲಿ ಸಡಿಲಿಕೆ ಇಲ್ಲ. ಅಮೆರಿಕದ ಮಿತಿ 10 ಎಂದು ಓದಿ ಗಾಬರಿಯಾಗಬೇಕಿಲ್ಲ, ಅದು ನೈಟ್ರೇಟಿನೊಳಗಿನ ಸಾರಜನಕದ ಲೆಕ್ಕ, 4.43ರಿಂದ ಗುಣಿಸಿದರೆ ಹೆಚ್ಚುಕಡಿಮೆ ನಮ್ಮದೇ ಮಿತಿ. ಉಲ್ಟಾ ಮೋಸವೂ ಇದೆ: ವರದಿಯಲ್ಲಿ 15 ಎಂದಿದ್ದು, ಅದು ಸಾರಜನಕದ ಲೆಕ್ಕವಾಗಿದ್ದರೆ ನೈಟ್ರೇಟ್ 66.

ಈ ಮಿತಿಯ ಹಿಂದಿರುವುದು ಹಸುಗೂಸುಗಳು. 1945ರಲ್ಲಿ ಅಯೋವಾದ ವೈದ್ಯ ಹಂಟರ್ ಕಾಮ್ಲಿ, ಬಾವಿ ನೀರಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದ ಮಕ್ಕಳು ನೀಲಿಗಟ್ಟುವುದನ್ನು ನೈಟ್ರೇಟ್‌ಗೆ ಜೋಡಿಸಿದರು. ಕುದಿಸಿದರೆ ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಅಪಾಯ. ರಾಗಿ ಸರಿಗೆ ಇಟ್ಟ ಒಂದು ಲೀಟರ್ ನೀರು ಕುದ್ದು ಮುಕ್ಕಾಲು ಲೀಟರಾದರೆ 60 ಇದ್ದದ್ದು 80 ಆಗುತ್ತದೆ. ಬ್ಲೀಚಿಂಗ್ ಪುಡಿಯಿಂದಲೂ ಏನೂ ಆಗದು.

ಸೇದುವ ಬಾವಿ, ಕೈಪಂಪು, ಕಿರು ನೀರು ಸರಬರಾಜು, ಓವರ್‌ಹೆಡ್ ಟ್ಯಾಂಕು ಎಂದು ನೀರಿನ ಮೂಲ ಆಳಕ್ಕೆ ಇಳಿಯುತ್ತಾ ಹೋಯಿತು. ತಿಪ್ಪೆ, ಕೊಟ್ಟಿಗೆ, ಶೌಚದ ಗುಂಡಿ ಇದ್ದಲ್ಲೇ ಇದ್ದವು. ಕೇಸಿಂಗ್ ಪೈಪಿನ ಸುತ್ತಲ ಸಂದು ಮುಚ್ಚದೆ ಬಿಟ್ಟ ಬೋರಿಗೆ ಮಳೆನೀರು ತಿಪ್ಪೆ ತೊಳೆದುಕೊಂಡೇ ಇಳಿಯುತ್ತದೆ. ಇನ್ನು ಗೊಬ್ಬರ. 45 ಕೆಜಿಯ ಒಂದು ಯೂರಿಯಾ ಚೀಲದಲ್ಲಿ ಸಾರಜನಕ ಸುಮಾರು 20.7 ಕೆಜಿ. ಅಷ್ಟೂ ನೈಟ್ರೇಟ್ ಆಗಿ ಬಸಿದರೆ 20 ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಲು ಸಾಕು. ಬೆಳೆ ಒಂದಷ್ಟು ಹೀರಿಕೊಂಡರೂ, ಉಳಿದದ್ದು ಎಷ್ಟು ಚೀಲದ್ದು ಎಂಬುದು ಪ್ರಶ್ನೆ.

ಆಮೇಲೆ ಬಂದದ್ದು ಶುದ್ಧ ನೀರಿನ ಘಟಕ. ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನು ತುಂಬುತ್ತದೆ. ಒಳಗಿರುವ ಆರ್‌ಒ ಮೆಂಬ್ರೇನ್, ಅಂದರೆ ಲವಣ ತಡೆದು ನೀರು ಬಿಡುವ ತೆಳು ಪೊರೆ, ಹೊಸದಿದ್ದಾಗ ನೈಟ್ರೇಟನ್ನು ಹತ್ತರಲ್ಲಿ ಒಂಬತ್ತು ಪಾಲು ತಡೆಯಬಲ್ಲದು. ಉದಾಹರಣೆಗೆ ಬೋರಿನ ನೀರು 120 ಇದ್ದರೆ ಹೊರಬರುವುದು 12. ಆದರೆ ಆ ನೀರು ಸಪ್ಪೆ ಎಂದು ದೂರು ಬರುತ್ತದೆ, ರುಚಿಗೆಂದು ಬೈಪಾಸ್ ವಾಲ್ವು ತಿರುಗಿಸುತ್ತಾರೆ. ಕಾಲು ಭಾಗ ಕಚ್ಚಾ ನೀರು ಬೆರೆತರೆ 39, ಬಚಾವು. ಮೂರನೇ ಒಂದು ಭಾಗ ಬೆರೆತರೆ 48, ಮಿತಿ ದಾಟಿತು. ಟಿಡಿಎಸ್ ಮೀಟರು ಇದನ್ನು ಹೇಳುವುದಿಲ್ಲ. ಅದು ಒಟ್ಟು ಲವಣವನ್ನಷ್ಟೇ ಅಳೆಯುತ್ತದೆ. ಅಲ್ಲೇ ತಿಳಿಯಬೇಕೆಂದರೆ ನೈಟ್ರೇಟ್ ಕಿಟ್ಟಿನ ಗುಲಾಬಿ ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿ ನೋಡುವುದೊಂದೇ ದಾರಿ, ಅದೂ ಕ್ಯಾನಿಗೆ ಬೀಳುವ ನೀರನ್ನು ಹಿಡಿದು. ಲ್ಯಾಬಿಗೆ ಕಳಿಸುವುದಾದರೆ ಐಸ್ ಪೆಟ್ಟಿಗೆಯಲ್ಲಿ, 48 ಗಂಟೆಯೊಳಗೆ. ಬಿಸಿಲಲ್ಲಿಟ್ಟ ಬಾಟಲಿಯಲ್ಲಿ ಸೂಕ್ಷ್ಮಾಣುಗಳು ಅಂಕಿಯನ್ನೇ ಬದಲಿಸಿಬಿಡುತ್ತವೆ.

ಆರ್‌ಒಗೆ ಹೋದದ್ದರಲ್ಲಿ ಅರ್ಧ ನೀರು ಒಳ್ಳೆಯದಾದರೆ ಉಳಿದರ್ಧ, ಮೇಲಿನ ಲೆಕ್ಕದಲ್ಲಿ, 228 ಹೊತ್ತು ರಿಜೆಕ್ಟ್ ಪೈಪಿನಿಂದ ಚರಂಡಿಗೆ ಹೋಗುತ್ತದೆ. ಚರಂಡಿ ಬೋರಿನ ಪಕ್ಕದಲ್ಲೇ ಇದ್ದರೆ ತೆಗೆದದ್ದನ್ನು ಮತ್ತೆ ಅದೇ ನೆಲಕ್ಕೆ ಕೊಟ್ಟಂತೆ. ಅದೇ ನೀರು 10,000 ಲೀಟರ್ ತೆಂಗಿನ ಬುಡಕ್ಕೆ ಹೋದರೆ ಒಂದು ಕೆಜಿಗೂ ಹೆಚ್ಚು ಯೂರಿಯಾದ ಸಾರಜನಕ ಸಿಕ್ಕಿತು. ಉಪ್ಪಿನಂಶ ಹೆಚ್ಚಿದ್ದರೆ ಮಾತ್ರ ಜೋಪಾನ.

ರೆಸಿನ್ ಎಂಬ ಸಣ್ಣ ಮಣಿಗಳ ತೊಟ್ಟಿಯೂ ಇದೆ. ನೈಟ್ರೇಟ್ ಹಿಡಿದು ಕ್ಲೋರೈಡ್ ಬಿಡುತ್ತದೆ, ಉಪ್ಪುನೀರು ಹಾಯಿಸಿ ತೊಳೆಯಬೇಕು. ಸಾಮಾನ್ಯ ರೆಸಿನ್‌ಗೆ ನೀರಲ್ಲೇ ಇರುವ ಸಲ್ಫೇಟ್ ಮೇಲೆ ಪ್ರೀತಿ ಹೆಚ್ಚು. ತೊಳೆಯುವುದು ತಡವಾದರೆ ಸಲ್ಫೇಟ್ ಬಂದು, ಹಿಡಿದಿಟ್ಟ ನೈಟ್ರೇಟನ್ನು ಒಮ್ಮೆಲೇ ಹೊರಗೆ ದೂಡುತ್ತದೆ. ಆಗ ನಲ್ಲಿಯಲ್ಲಿ ಬೋರಿನ ನೀರಿಗಿಂತ ಹೆಚ್ಚು ನೈಟ್ರೇಟ್. ಸೂಕ್ಷ್ಮಾಣುಗಳಿಂದ ನೈಟ್ರೇಟನ್ನು ಸಾರಜನಕ ಅನಿಲವಾಗಿಸುವ ವಿಧಾನ ಅದನ್ನು ನಿಜವಾಗಿ ಇಲ್ಲವಾಗಿಸುತ್ತದೆ, ಆದರೆ ಹಳ್ಳಿಯ ಪಂಪ್‌ಹೌಸಿನಲ್ಲಿ ನಡೆಸುವ ಕೆಲಸ ಅಲ್ಲ.

ಹೊಳೆ ನೀರಿನ ಪೈಪು ತಲುಪಿದಲ್ಲಿ ಬೆರೆಸುವುದೇ ಅಗ್ಗ. ಬೋರು 90, ಹೊಳೆ 20 ಇದ್ದರೆ ಐದು ಪಾಲು ಹೊಳೆಗೆ ಎರಡು ಪಾಲು ಬೋರು: 40 ಬರುತ್ತದೆ. 50,000 ಲೀಟರ್ ಟ್ಯಾಂಕಿನಲ್ಲಿ ಬೋರಿನ ಪಾಲು ಸುಮಾರು 14,000. ಟ್ಯಾಂಕ್ ಖಾಲಿಯಿರುವಾಗ ಮೊದಲು ಹೊಳೆ ನೀರು, ಟ್ಯಾಂಕಿಗೆ ಹಚ್ಚಿದ ಬಣ್ಣದ ಗುರುತಿನವರೆಗೆ. ಆಮೇಲೆ ಬೋರಿನ ಮೋಟರು. ಬೇಸಿಗೆಯಲ್ಲಿ ಹೊಳೆ ನೀರು ಎರಡು ದಿನ ಬಾರದಿದ್ದರೆ ಜನ ಕೊಡ ಹಿಡಿದು ಬರುವುದು ನೀರುಗಂಟಿಯ ಮನೆಗೇ. ಆಗ ಗುರುತು ನೋಡದೆ ಟ್ಯಾಂಕನ್ನು ಬೋರಿನಿಂದಲೇ ತುಂಬಿಸುತ್ತಾರೆ.