ಹೌಸ್‌ಬೋಟ್ ರಾತ್ರಿ ಓಡುವುದಿಲ್ಲ, ದಯವಿಟ್ಟು ಕೇಳಿಸಿಕೊಳ್ಳಿ

ಕೇರಳದ ಹೌಸ್‌ಬೋಟ್‌ಗಳಿಗೆ, ಅಂದರೆ ಮಲಗುವ ಕೋಣೆಗಳಿರುವ ಪ್ರವಾಸಿ ದೋಣಿಗಳಿಗೆ, ಬುಕಿಂಗ್ ಮಾಡಿಕೊಡುವುದು ನನ್ನ ಕೆಲಸ. ಸಂಜೆ ಆರರ ಮೇಲೆ ಆಲಪ್ಪುಳದಿಂದ ಕರೆ ಬಂತೆಂದರೆ ವಿಷಯ ಏನೆಂದು ಎತ್ತುವ ಮೊದಲೇ ನನಗೆ ಗೊತ್ತಿರುತ್ತದೆ. “ಸ್ವಾಮಿ, ದೋಣಿಯನ್ನು ದಡಕ್ಕೆ ಕಟ್ಟಿಬಿಟ್ಟಿದ್ದಾರೆ. ಇನ್ನೂ ಬೆಳಕಿದೆ. 21 ಗಂಟೆಗಳ ಲೆಕ್ಕದಲ್ಲಿ ದುಡ್ಡು ತೆಗೆದುಕೊಂಡು ನಾಲ್ಕೈದು ಗಂಟೆ ಓಡಿಸಿದರೆ ಮೋಸವಲ್ಲವೇ?” ಮೋಸವಲ್ಲ. ಬುಕಿಂಗ್ ಮಾಡುವಾಗಲೇ ಬಾಯಿಬಿಟ್ಟು ಹೇಳಿರುತ್ತೇನೆ, ವಾಟ್ಸ್‌ಆ್ಯಪ್‌ನಲ್ಲಿ ಬರೆದೂ ಕಳಿಸಿರುತ್ತೇನೆ. ಆದರೆ ‘ರಾತ್ರಿ ತಂಗುವ ಪ್ಯಾಕೇಜ್’ ಎಂದ ಕೂಡಲೇ ನಮ್ಮವರ ಮನಸ್ಸಿನಲ್ಲಿ ಸ್ಲೀಪರ್ ಬಸ್ಸೊಂದು ಹೊರಟುಬಿಡುತ್ತದೆ. ತಾವು ಮಲಗಿರಬೇಕು, ಅದು ಓಡುತ್ತಿರಬೇಕು.

ಓಡುವಂತಿಲ್ಲ. ಸಂಜೆ ಐದೂವರೆ, ಹೆಚ್ಚೆಂದರೆ ಆರು ಗಂಟೆಗೆ ಹೌಸ್‌ಬೋಟ್ ದಡ ಸೇರಲೇಬೇಕು. ಮತ್ತೆ ಹೊರಡುವುದು ಬೆಳಿಗ್ಗೆ ತಿಂಡಿಯ ಹೊತ್ತಿಗೆ. ವೇಂಬನಾಡು ಕೆರೆಯಲ್ಲೂ ಅದಕ್ಕೆ ಸೇರುವ ಹೊಳೆಗಳಲ್ಲೂ ಕತ್ತಲಾದ ಮೇಲೆ ಸ್ಥಳೀಯ ಮೀನುಗಾರರು ಬಲೆ ಬಿಡುತ್ತಾರೆ. ಮೂರು ಮಲಗುವ ಕೋಣೆಯ ದೋಣಿಯ ಪ್ರೊಪೆಲ್ಲರ್ ಒಂದು ಬಲೆಯ ಮೇಲೆ ಹಾದುಹೋದರೆ ಆ ಮನೆಯ ಅಂದಿನ ಸಂಪಾದನೆಯ ಜೊತೆಗೆ ಬಲೆಯೂ ಹೋಯಿತು. ಹಗಲು ನಮ್ಮದು, ರಾತ್ರಿ ಅವರದು ಎಂಬುದು ಆ ನೀರಿನ ಏರ್ಪಾಡು. ಸುರಕ್ಷತೆಯ ಮಾತು ಬೇರೆಯೇ ಇದೆ. 2023ರ ಮೇ 7ರ ಸಂಜೆ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು. ಅದು ಹೌಸ್‌ಬೋಟ್ ಅಲ್ಲ, ಮಿತಿಮೀರಿ ಜನರನ್ನು ತುಂಬಿಕೊಂಡಿದ್ದ ಬೇರೆ ಬಗೆಯ ದೋಣಿ. ಆದರೆ ಹೊತ್ತು ಮೀರಿ ಓಡಿಸಿದ್ದೂ ಅಲ್ಲಿನ ತಪ್ಪುಗಳಲ್ಲಿ ಒಂದು. “ಐನೂರು ರೂಪಾಯಿ ಜಾಸ್ತಿ ಕೊಡುತ್ತೇವೆ, ಇನ್ನೊಂದು ಸುತ್ತು ಹಾಕಿಸಿ” ಎನ್ನುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ. ಒಪ್ಪುವ ಚಾಲಕ ಸಿಕ್ಕರೆ ಅವನ ಬಗ್ಗೆ ಸಂಶಯಪಡಿ.

ಇಷ್ಟು ತಲೆಗೆ ಹೋದರೆ ಉಳಿದ ಲೆಕ್ಕ ತಾನಾಗಿ ಬರುತ್ತದೆ. ಹತ್ತುವುದು ಮಧ್ಯಾಹ್ನ 12ಕ್ಕೆ. ಊಟಕ್ಕೆ ಒಂದು ಗಂಟೆ ನಿಲ್ಲಿಸುತ್ತಾರೆ. ಐದೂವರೆಗೆ ಕಟ್ಟುತ್ತಾರೆ. ನೀರಿನ ಮೇಲೆ ಚಲಿಸುವುದು ಸುಮಾರು ನಾಲ್ಕೂವರೆ ಗಂಟೆ, ಮರುದಿನ ಬೆಳಿಗ್ಗೆ ಇನ್ನೊಂದಿಷ್ಟು. ಈಗ ನೀವು ತೇಕ್ಕಡಿಯಿಂದ ಬರುತ್ತಿದ್ದೀರಿ ಎನ್ನಿ. ಘಟ್ಟ ಇಳಿದು ಬರಲು ನಾಲ್ಕು ಗಂಟೆಗೂ ಮೇಲೆ ಬೇಕು. ಬೆಳಿಗ್ಗೆ ಒಂಬತ್ತಕ್ಕೆ ಎದ್ದು, ಹತ್ತಕ್ಕೆ ಹೊರಟು, ದಾರಿಯಲ್ಲಿ ಏಲಕ್ಕಿ ಕೊಳ್ಳಲು ನಿಲ್ಲಿಸಿ, ಮೂರು ಗಂಟೆಗೆ ಜೆಟ್ಟಿಗೆ ಬಂದರೆ ನಿಮಗೆ ಸಿಗುವುದು ಎರಡೂವರೆ ಗಂಟೆ. ಕಳೆದ ಹೊತ್ತನ್ನು ಸಂಜೆಗೆ ಸೇರಿಸಿಕೊಡಲು ಯಾರಿಂದಲೂ ಆಗದು. ಮುನ್ನಾರಿನಿಂದ ನೇರವಾಗಿ ಬರುವವರಂತೂ ಬೆಳಕು ಹರಿಯುವಾಗಲೇ ಹೊರಡಬೇಕು.

ಹಾಗಾಗಿ ಬುಕಿಂಗ್ ಮಾಡುವಾಗ “ಎಷ್ಟು ಹೊತ್ತು ಓಡಿಸುತ್ತೀರಿ?” ಎಂದು ಚೌಕಾಸಿ ಮಾಡಬೇಡಿ. “ರಾತ್ರಿ ಎಲ್ಲಿ ಕಟ್ಟುತ್ತೀರಿ?” ಎಂದು ಕೇಳಿ. ನೀವು ದುಡ್ಡು ಕೊಡುತ್ತಿರುವುದರಲ್ಲಿ ಹೆಚ್ಚಿನ ಪಾಲು ಹೊತ್ತು ಕಳೆಯುವುದು ಆ ಜಾಗದಲ್ಲಿ. ಇಪ್ಪತ್ತು ದೋಣಿಗಳು ಮೂತಿಗೆ ಮೂತಿ ತಾಗಿಸಿ ನಿಂತಿರುವ ಕಡೆ ಕಟ್ಟಿದರೆ ಪಕ್ಕದ ದೋಣಿಯ ಹಾಡು, ಅದರಾಚೆಯ ಜನರೇಟರಿನ ಡೀಸೆಲ್ ಹೊಗೆ ಎರಡೂ ನಿಮ್ಮ ಕಿಟಕಿಗೇ ಬರುತ್ತವೆ. ದಡದಲ್ಲಿ ವಿದ್ಯುತ್ ಸಂಪರ್ಕವಿದೆಯೇ, ಇಲ್ಲ ಎಸಿಗಾಗಿ ರಾತ್ರಿಯಿಡೀ ಜನರೇಟರ್ ಓಡುತ್ತದೆಯೇ ಎಂದೂ ಕೇಳಿ. ಸಾಧಾರಣ ದರ್ಜೆಯಲ್ಲಿ ಎಸಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ. ಇದೂ ಜಗಳಕ್ಕೆ ಒಳ್ಳೆಯ ಕಾರಣ.

ಗದ್ದೆಯ ಬದುವಿಗೆ ಕಟ್ಟುವ ದೋಣಿ ಸಿಕ್ಕರೆ ಬಿಡಬೇಡಿ. ಆಲಪ್ಪುಳದ ಸುತ್ತಲಿನ ತಗ್ಗು ಪ್ರದೇಶವಾದ ಕುಟ್ಟನಾಡಿನಲ್ಲಿ ಭತ್ತ ಬೆಳೆಯುವುದು ಸಮುದ್ರಮಟ್ಟಕ್ಕಿಂತ ಕೆಳಗೆ. ದೋಣಿಯಿಂದ ಬದುವಿನ ಮೇಲೆ ಕಾಲಿಟ್ಟರೆ ಒಂದು ಕಡೆ ಹೊಳೆ ಪಾದದ ಮಟ್ಟದಲ್ಲಿರುತ್ತದೆ, ಇನ್ನೊಂದು ಕಡೆ ಪೈರು ಆಳೆತ್ತರದಷ್ಟು ಕೆಳಗಿರುತ್ತದೆ. ನನ್ನ ಗ್ರಾಹಕರಲ್ಲಿ ತುಮಕೂರಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿದ್ದರು. ದೋಣಿ ನಿಂತಿತೆಂದು ಮೊದಲು ನನ್ನ ಮೇಲೆ ಹರಿಹಾಯ್ದರು. ಆಮೇಲೆ ಅಡುಗೆಯವನನ್ನು ಕರೆದುಕೊಂಡು ಬದುವಿನ ಮೇಲೆ ನಡೆದು ಗದ್ದೆಯ ನೀರು ಹೊರಹಾಕುವ ಪಂಪ್ ಮನೆಗೆ ಹೋದರು. ನೀರಾವರಿ ಎಂದರೆ ಗದ್ದೆಗೆ ನೀರು ತರುವುದೆಂದೇ ತಿಳಿದಿದ್ದ ಬಯಲುಸೀಮೆಯ ಮನುಷ್ಯ, ಗದ್ದೆಯಿಂದ ನೀರನ್ನು ಎತ್ತಿ ಹೊಳೆಗೆ ಸುರಿಯುವುದನ್ನು ಕಂಡು ಒಂದು ಗಂಟೆ ಅಲ್ಲಿಂದ ಕದಲಲಿಲ್ಲವಂತೆ. ಅವರಿಗೆ ಮಲಯಾಳಂ ಬಾರದು, ಅಡುಗೆಯವನಿಗೆ ಕನ್ನಡ ಬಾರದು. ಊರಿಗೆ ಬಂದ ಮೇಲೆ ಪಂಪಿನ ಚಿತ್ರ ಬಿಡಿಸಿ ನನಗೆ ವಿವರಿಸಿದರು. “ಆದರೂ ಇನ್ನರ್ಧ ಗಂಟೆ ಓಡಿಸಬಹುದಿತ್ತು” ಎನ್ನುವುದನ್ನು ಬಿಡಲಿಲ್ಲ.

ಊಟದ ಬಗ್ಗೆ ಎರಡೇ ಮಾತು. ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದರೆ ತರಕಾರಿ ಅಡುಗೆ ಚೆನ್ನಾಗಿಯೇ ಮಾಡುತ್ತಾರೆ, ಆದರೆ ಕರಿಮೀನು ಹುರಿಯುವ ಒಲೆ ಅದೇ. ಇದು ಸಹಿಸದ ಹಿರಿಯರಿದ್ದರೆ ರಾತ್ರಿ ಹೋಟೆಲಿನಲ್ಲಿ ತಂಗಿ ಹಗಲು ಮಾತ್ರ ದೋಣಿ ಮಾಡಿಕೊಳ್ಳುವುದು ಜಾಣತನ. ಮಕ್ಕಳ ಸಂಖ್ಯೆ ಬಚ್ಚಿಡಬೇಡಿ. ಲೈಫ್ ಜಾಕೆಟ್ ಮಕ್ಕಳ ಅಳತೆಯದೂ ಇರಬೇಕು.

ಇನ್ನು, ದೋಣಿ ಓಡುತ್ತಲೇ ಇರಬೇಕು ಎನ್ನುವವರಿಗೆ ಹೌಸ್‌ಬೋಟೇ ಬೇಡ. ಆಲಪ್ಪುಳದಿಂದ ಕೋಟ್ಟಯಂಗೆ ಕೇರಳ ಸರ್ಕಾರದ ಜಲಸಾರಿಗೆ ಇಲಾಖೆಯ ದೋಣಿ ಇದೆ. ಶಾಲೆಯ ಮಕ್ಕಳು, ಸಂತೆಗೆ ಹೊರಟವರು ಹತ್ತಿ ಇಳಿಯುತ್ತಾರೆ, ಎರಡೂವರೆ ಗಂಟೆಯಷ್ಟು ದಾರಿ, ಟಿಕೆಟ್ಟಿನ ದರ ಒಂದು ಮಸಾಲೆ ದೋಸೆಗೂ ಕಡಿಮೆ. ಹೊರಡುವ ಸಮಯವನ್ನು ಹಿಂದಿನ ದಿನ ಜೆಟ್ಟಿಯಲ್ಲೇ ವಿಚಾರಿಸಿಕೊಳ್ಳಿ, ನೀರಿನಲ್ಲಿ ಅಂತರಗಂಗೆ ಕಳೆ ಕಟ್ಟಿಕೊಂಡಾಗ ದಾರಿ ಬದಲಾಗುವುದುಂಟು. ಇದರಲ್ಲಿ ನನಗೆ ಕಮಿಷನ್ ಇಲ್ಲ.